ಈರೇಶನ ಕೈಗುಣ

ಸಾವಿತ್ರೆವ್ವನ ಮನೆಯ ಜನರೇಟರು ದೊಡ್ಡ ಮಗ ಈರೇಶನ ಕೈಗಲ್ಲದೆ ಬೇರೆ ಯಾರ ಕೈಗೂ ಚಾಲೂ ಆಗುತ್ತಿರಲಿಲ್ಲ. ಇದು ಯರಗುಪ್ಪಿಯ ಆ ಓಣಿಗೆಲ್ಲ ಗೊತ್ತಿದ್ದ ಮಾತು. ಗೊತ್ತಿಲ್ಲದವರಿಗೆ ಈರೇಶನೇ ಹೇಳುತ್ತಿದ್ದ.

ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟಿದ್ದ ಪೆಟ್ರೋಲ್ ಜನರೇಟರು ಅದು. ಇಬ್ಬರು ಹಿಡಿದೆತ್ತಿದರೆ ಅಂಗಳದಿಂದ ಹಿತ್ತಲಿಗೆ ಹೋಗುವಷ್ಟು ಸಣ್ಣದು. ಈರೇಶನ ಹೆಂಡತಿ ನಂದಾ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಹಿಟ್ಟು ನಾದುವುದಕ್ಕೆ ಒಂದು ಮಷಿನ್ನು, ರೊಟ್ಟಿ ಒತ್ತುವುದಕ್ಕೆ ಇನ್ನೊಂದು. ನಂದಾಗೆ ಕರೆಂಟ್ ಬೇಕಾಗಿತ್ತು, ಆದರೆ ಕರೆಂಟಿಗೆ ನಂದಾ ಬೇಕಾಗಿರಲಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಿರುವಾಗಲೇ ಅದು ಹೊರಟುಬಿಡುತ್ತಿತ್ತು. ಆರಿದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಆಗ ಈರೇಶನಿಗೆ ಫೋನ್ ಮಾಡಬೇಕು.

ಫೋನು ಬಂದ ಕೂಡಲೇ ಏಳುವವನಲ್ಲ ಈರೇಶ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿದ್ದರೆ, "ಹೋಗಬೇಕಪಾ, ನಾ ಇಲ್ಲಂದ್ರ ಮನಿ ನಡಿಯೂದಿಲ್ಲ," ಎಂದು ನಾಲ್ಕು ಜನರಿಗೆ ಕೇಳಿಸಿ, ಉಳಿದ ಚಹಾ ಕುಡಿದೇ ಬರುತ್ತಿದ್ದ. ವಾರಗಟ್ಟಲೆ ನಿಂತ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿರುತ್ತಿತ್ತು. ಅವನು ಪ್ಲಗ್ ಬಿಚ್ಚಿ, ಊದಿ, ಅಂಗಿಯ ತುದಿಗೆ ಒರೆಸಿ, ಹಗ್ಗವನ್ನು ಎರಡು ಸಲ ಮೆಲ್ಲಗೆ, ಮೂರನೆಯ ಸಲ ಜೋರಾಗಿ ಎಳೆಯುತ್ತಿದ್ದ. ಅದು ಗುಡುಗಿ ಎದ್ದು ನಿಂತಾಗ ಎಲ್ಲರ ಮುಖವನ್ನೂ ಒಂದು ಸಲ ನೋಡುತ್ತಿದ್ದ.

"ಕೈಗುಣ ಬೇಕ ಬೇ ಅವ್ವಾ, ಕೈಗುಣ."

"ಹೌದಪಾ, ನಿನ್ನ ಕೈಯಾಗ ಬಂಗಾರ ಐತಿ," ಎಂದು ಸಾವಿತ್ರೆವ್ವ ಅನ್ನಬೇಕು. ನಂದಾ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಂದುಕೊಡಬೇಕು. ಐದು ವರ್ಷ ಹೀಗೆ ನಡೆದಿತ್ತು.

ಸಂಕ್ರಾಂತಿ ಕಳೆದ ವಾರ ಈರೇಶ ಬೀಗರ ಮನೆಗೆಂದು ಮೊರಬಕ್ಕೆ ಹೋಗಿದ್ದ. ಅವತ್ತೇ ಕರೆಂಟ್ ಹೋಯಿತು. ನಂದಾ ಹಗ್ಗ ಎಳೆದಳು, ಪಕ್ಕದ ಮನೆಯ ಮಡಿವಾಳೆಪ್ಪ ಎಳೆದ. ಅದು ಕೆಮ್ಮಿ ಸುಮ್ಮನಾಯಿತು. ಮುನ್ನೂರು ರೊಟ್ಟಿಯ ಹಿಟ್ಟು ಎಮ್ಮೆಯ ಬಾಯಿಗೆ ಹೋಯಿತು. ರಾತ್ರಿ ಊಟಕ್ಕೆ ಕೂತಾಗ ನಂದಾ ಗಂಡನ ತಾಟಿಗೆ ಪಲ್ಯ ಬಡಿದ ಸದ್ದಿಗೇ ಎಲ್ಲರಿಗೂ ವಿಷಯ ಗೊತ್ತಾಯಿತು.

ಕಿರಿಯ ಮಗ ಸಿದ್ಧಾರೂಢ ಕುಂದಗೋಳದಲ್ಲಿ ಮುನಾಫನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಆಟೋಗಳಿಗೆ ಗ್ಯಾಸ್ ಕೂಡಿಸುವುದೇ ಅಲ್ಲಿ ಹೆಚ್ಚಿನ ಕೆಲಸ. ಅವನು ತುತ್ತು ನುಂಗಿ ಮೆಲ್ಲಗೆ ಹೇಳಿದ.

"ವೈನಿ, ಜನರೇಟರ್‌ಗೆ ಗ್ಯಾಸ್ ಕೂಡಸಿ ಕೊಡ್ಲೇನ್ರಿ? ರೊಟ್ಟಿ ಒಲಿಗೆ ಹೆಂಗೂ ದೊಡ್ಡ ಸಿಲಿಂಡರ್ ತರಸ್ತೀರಿ, ಇನ್ನೊಂದ ತರಸೂಣು. ಗ್ಯಾಸ್ ಎಷ್ಟ ದಿನಾ ನಿಂತ್ರೂ ಅಂಟ ಆಗೂದಿಲ್ಲ. ಯಾರ ಎಳದ್ರೂ ಚಾಲೂ ಆಗತೈತಿ."

ಈರೇಶನ ಕೈ ತಾಟಿನಲ್ಲೇ ನಿಂತಿತು. "ಯಾರ ಎಳದ್ರೂ" ಎಂಬುದು ಅವನಿಗೆ ನೆಟ್ಟಗೆ ಎದೆಗೆ ತಾಗಿತು.

"ಇಂಜಿನ್ ಸುಟ್ಟ ಹೋಗತೈತಿ ಲೇ ಸಿದ್ಯಾ. ಮನಿಗೆ ಬೆಂಕಿ ಹಚ್ಚೀ."

"ಹಿತ್ತಲ ಬಯಲಾಗ ಇಡತೇನಣ್ಣಾ. ಸಿಲಿಂಡರ್ ಒಲಿಯಿಂದ ದೂರ, ಜನರೇಟರ್‌ನಿಂದಾನೂ ದೂರ. ಮುನಾಫಭಾಯಿ ಬಂದ ನೋಡತಾರ."

"ನಿನ್ನ ಮುನಾಫಭಾಯಿಗಿಂತಾ ಮೊದ್ಲಿಂದ ಆ ಮಷಿನ್ನ ನಾ ನೋಡೇನಿ."

"ನೋಡಿದ್ದು ಸಾಕು," ಎಂದಳು ಸಾವಿತ್ರೆವ್ವ. "ಮುನ್ನೂರ ರೊಟ್ಟಿ ಎಮ್ಮಿ ತಿಂತು. ಸಿದ್ದೂ, ನೀ ಮಾಡ."

ಮುಂದಿನ ರವಿವಾರ ಮುನಾಫ್ ಬಂದ. ಹಿತ್ತಲಲ್ಲಿ ನಾಲ್ಕು ಕಂಬ ಹುಗಿದು ಮೇಲೆ ತಗಡು ಹಾಕಿದ್ದ ಜಾಗದಲ್ಲಿ ಜನರೇಟರು ಇಟ್ಟರು. ಸಿದ್ಧಾರೂಢ ಟ್ಯಾಂಕು, ಕಾರ್ಬುರೇಟರು ಎರಡನ್ನೂ ಬರಿದು ಮಾಡಿ ಪೆಟ್ರೋಲಿನ ಕಾಕ್ ಮುಚ್ಚಿದ. ಕಾರ್ಬುರೇಟರಿಗೂ ಏರ್ ಫಿಲ್ಟರಿಗೂ ನಡುವೆ ಒಂದು ತುಂಡು ಕೂಡಿಸಿ, ಅದಕ್ಕೆ ಗ್ಯಾಸಿನ ಪೈಪು ತಂದ. ಇಂಜಿನ್ ಎಳೆದುಕೊಂಡರೆ ಮಾತ್ರ ಗ್ಯಾಸ್ ಬಿಡುವ ರೊಟ್ಟಿಯಗಲದ ರೆಗ್ಯುಲೇಟರ್ ಒಂದನ್ನು ಪಕ್ಕದ ಕಂಬಕ್ಕೆ ಬಿಗಿದ. ಸಿದ್ಧಾರೂಢನ ಹೆಂಡತಿ ಸುನೀತಾ ಸಾಬೂನು ನೀರಿನ ಬಟ್ಟಲು ಹಿಡಿದು ಹಿಂದೆ ಹಿಂದೆ ನಡೆದಳು. ಪ್ರತಿ ಜೋಡಣೆಗೂ ಆ ನೀರು ಸವರಿ, ಗುಳ್ಳೆ ಏಳುತ್ತದೋ ಎಂದು ಗಂಡಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ಗುಳ್ಳೆ ಏಳಲಿಲ್ಲ.

"ಪೆಟ್ರೋಲ್ ಸಾಮಾನಾ ತಗದಿಲ್ರಿ ವೈನಿ, ಗ್ಯಾಸ್ ತೀರಿದ್ರ ಅದರ ಮ್ಯಾಲೂ ನಡಸಬಹುದು. ಆದ್ರ ಎರಡೂ ಒಮ್ಮೆ ಬಿಡಬ್ಯಾಡ್ರಿ. ಪ್ಲಗ್ ಹಸಿ ಆಗಿ ಚಾಲೂನ ಆಗೂದಿಲ್ಲ. ಈಗ ಎಳೀರಿ ನೀವ."

"ನಾನ?"

"ನೀವರೀ."

ನಂದಾ ಸೆರಗು ಸಿಕ್ಕಿಸಿ ಹಗ್ಗ ಹಿಡಿದಳು. ಒಂದೇ ಎಳೆತಕ್ಕೆ ಜನರೇಟರು ಎದ್ದಿತು. ಅವಳಿಗೆ ನಗು ತಡೆಯಲಾಗಲಿಲ್ಲ, ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದಳು. ಮದುವೆಯಾಗಿ ಹದಿನಾರು ವರ್ಷದಲ್ಲಿ ಹೆಂಡತಿ ಹಾಗೆ ನಕ್ಕಿದ್ದನ್ನು ಈರೇಶ ನೋಡಿರಲಿಲ್ಲ. ಅದೂ ತಮ್ಮನ ಕೆಲಸಕ್ಕೆ! ದನಕ್ಕೆ ನೀರು ಕುಡಿಸಬೇಕು ಎಂದು ಗೊಣಗಿ ಎದ್ದು ಹೋದ. ಎಮ್ಮೆ ಆಗಲೇ ನೀರು ಕುಡಿದು ಮಲಗಿತ್ತು.

ಮರುವಾರ ಈರೇಶ ಚಹಾದಂಗಡಿಯಲ್ಲಿ ಫೋನು ಮೇಜಿನ ಮೇಲಿಟ್ಟುಕೊಂಡೇ ಕೂತ. ಅದು ಸದ್ದು ಮಾಡಲಿಲ್ಲ. ಸಂಜೆ ಮನೆಗೆ ಬಂದು, ಕೈಕಾಲು ತೊಳೆಯುತ್ತ, ಸಹಜವಾಗಿ ಕೇಳಿದಂತೆ ಕೇಳಿದ.

"ಇವತ್ತ ಕರೆಂಟ್ ಹೋಗಿರಲಿಲ್ಲೇನ?"

"ಹೋಗಿತ್ತಲ್ರಿ. ಎರಡ ಸಲಾ."

"ಮತ್ತ?"

"ಮತ್ತೇನು? ಚಾಲೂ ಮಾಡಕೊಂಡೆ."

ಇಷ್ಟೇ. ಬೆಣ್ಣೆ ಹಚ್ಚಿದ ರೊಟ್ಟಿಯೂ ಇಲ್ಲ, ಬಂಗಾರದ ಕೈಯೂ ಇಲ್ಲ. ಈಗ ಆ ಬೆಣ್ಣೆ ರೊಟ್ಟಿ ರವಿವಾರ ತಮ್ಮನ ತಾಟಿಗೆ ಹೋಗುತ್ತಿತ್ತು. ಜನರೇಟರಿನ ಗ್ಯಾಸು ಹೆಚ್ಚುಕಡಿಮೆ ಮಾಡುವ ತಿರುಪು ಸರಿಮಾಡಲು ಅವನು ಕೂತರೆ, ನಂದಾ ಪಕ್ಕದಲ್ಲೇ ನಿಂತು, "ಸಿದ್ದೂ, ಇದ್ಯಾಕ? ಅದ್ಯಾಕ?" ಎಂದು ಕೇಳುತ್ತಿದ್ದಳು. ರೊಟ್ಟಿ ಕೊಳ್ಳಲು ಬಂದವರಿಗೆಲ್ಲ, "ನಮ್ಮ ಮೈದುನ ಮಾಡಿಕೊಟ್ಟಾನ್ರಿ," ಎಂದು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು.

ಹೊಟ್ಟೆ ಉರಿಯುತ್ತಿದ್ದುದು ಈರೇಶನೊಬ್ಬನಿಗೇ ಅಲ್ಲ. ಸುನೀತಾ ಕುಂದಗೋಳಕ್ಕೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ತನ್ನ ಹೊಲಿಗೆ ಮಷಿನ್ನಿಗೆ ಒಂದು ಮೋಟರ್ ಕೂಡಿಸಿಕೊಡು ಎಂದು ಗಂಡನಿಗೆ ಆರು ತಿಂಗಳಿಂದ ಹೇಳಿ ಸಾಕಾಗಿತ್ತು.

"ನನಗಂದ್ರ ವ್ಯಾಳ್ಯಾ ಇರೂದಿಲ್ಲ. ವೈನಿ ಮಷಿನ್ನಿಗೆ ರವಿವಾರ ಪೂರಾ ಇರತೈತಿ."

"ಅದು ಮನಿ ಕೆಲಸಾ, ಸುನೀತಾ."

"ನಂದೇನ ಓಣಿ ಕೆಲಸಾನ?"

ಸಿದ್ಧಾರೂಢ ಮರುದಿನವೇ ಮೋಟರ್ ತಂದು ಕೂಡಿಸಿದ.

ಇನ್ನು ನಂದಾ. ಯಂತ್ರ ಅವಳದು, ರೊಟ್ಟಿಗೆ ಬಂದ ಹೆಸರು ಅವಳದು, ಆದರೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವಳ ಮುಖ ಗಂಟಿಕ್ಕುತ್ತಿತ್ತು. ಆ ಹೊತ್ತಿಗೆ ಸಿದ್ಧಾರೂಢ ಅಂಗಳದಲ್ಲಿ ಬೈಕು ನಿಲ್ಲಿಸಿ, ಹಿಂದಿನ ಸೀಟಿನ ಧೂಳನ್ನು ಬಟ್ಟೆಯಿಂದ ಒರೆಸುತ್ತಿದ್ದ. ಸುನೀತಾ ಅವನ ಹೆಗಲ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಸೆರಗು ಚಕ್ರಕ್ಕೆ ಸಿಗದಂತೆ ಅವನೇ ಹಿಂದೆ ತಿರುಗಿ ನೋಡಿ ಹೊರಡುತ್ತಿದ್ದ. ಒಲೆಯ ಮುಂದೆ ಕೂತ ನಂದಾಗೆ ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಅವಳು ಈರೇಶನ ಬೈಕು ಹತ್ತಿದ್ದೇ ಕಡಿಮೆ. ಹತ್ತಿದಾಗಲೂ, "ಲಗೂನ ಕುಂಡ್ರ, ಮಂದಿ ನೋಡಾಕತ್ತಾರ," ಎಂದು ಬೈಸಿಕೊಂಡೇ ಹತ್ತಿದ್ದಳು.

"ದೊಡ್ಡ ಕಲೆಕ್ಟರ್ ಆಗತಾಳ ಹೊಲಿಗಿ ಕಲತು," ಎಂದು ಒಮ್ಮೆ ಅತ್ತೆಯ ಮುಂದೆ ಅಂದಳು.

"ನಿನಗೇನ ಆತೀಗ?" ಎಂದಳು ಸಾವಿತ್ರೆವ್ವ.

"ನನಗೇನ ಆಗಬೇಕ್ರಿ?"

ಎಲ್ಲ ಒಡೆದು ಬಂದದ್ದು ಒಂದು ಶುಕ್ರವಾರ. ಕರೆಂಟ್ ಹೋಗಿ ಹಿತ್ತಲಲ್ಲಿ ಜನರೇಟರು ಓಡುತ್ತಿತ್ತು, ನಂದಾ ಹಿಟ್ಟು ನಾದಲು ಹಾಕಿದ್ದಳು. ಸುನೀತಾ ಯಾರಿಗೋ ಒಪ್ಪಿಕೊಂಡಿದ್ದ ರವಿಕೆ ಮುಗಿಸುವ ಅವಸರದಲ್ಲಿ ಹೊಲಿಗೆ ಮಷಿನ್ನಿನ ವಾಯರನ್ನು ಅದೇ ಬೋರ್ಡಿಗೆ ಸಿಕ್ಕಿಸಿದಳು. ಗ್ಯಾಸಿನ ಮೇಲೆ ಜನರೇಟರಿನ ಕಸುವು ಮೊದಲಿಗಿಂತ ಸ್ವಲ್ಪ ಕಡಿಮೆ. ಎರಡು ರೊಟ್ಟಿ ಮಷಿನ್ನಿಗೇ ಅದು ಏದುಸಿರು ಬಿಡುತ್ತಿತ್ತು. ಮೂರನೆಯದು ಬಿದ್ದೊಡನೆ ನರಳಿ ನಿಂತುಬಿಟ್ಟಿತು.

"ಯಾರ ಹಚ್ಚಿದ್ದು ಅದನ್ನ?" ನಂದಾ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ತಗೀ ಮೊದ್ಲ! ಇದು ನಿನ್ನ ಜಂಪರ್ ಸಲುವಾಗಿ ತಂದಿದ್ದಲ್ಲ."

"ನನ್ನ ಗಂಡ ಮಾಡಿದ ಮಷಿನ್ನಿಗೆ ನಾ ಹಚ್ಚಬಾರದೇನಕ್ಕಾ?"

"ಗಂಡ, ಗಂಡ! ನಮಗೂ ಅದಾನವಾ ಗಂಡ."

"ಅದಾರಲ್ಲ, ಅವರ ಕಡೆ ಮಾಡಿಸಿಕೊಳ್ಳಬೇಕಿತ್ತು!" ಸುನೀತಾಗೆ ಸಿಟ್ಟಿನಲ್ಲಿ ಬಾಯಿ ನಿಲ್ಲಲಿಲ್ಲ. "ಒಂದ ದಿನಾ ಇದು ಪೂರಾ ಬಂದ್ ಬೀಳಬೇಕು. ನಿಮ್ಮ ದೊಡ್ಡ ಆರ್ಡರ್ ಇದ್ದ ದಿನಾನ ಬೀಳಬೇಕು. ಅವಾಗ ಗೊತ್ತಾಗತೈತಿ ನಿಮಗ."

ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಈರೇಶ ಅದನ್ನು ಕೇಳಿದ.

ಮಂಗಳವಾರ ಸಂಜೆ ಕುಬಿಹಾಳದ ಒಂದು ಮನೆಯಲ್ಲಿ ಬಸುರಿ ಸೊಸೆಯ ಕುಬಸ ಇತ್ತು, ಐನೂರು ರೊಟ್ಟಿ ಬೇಕೆಂದಿದ್ದರು. ಸೋಮವಾರ ಮಧ್ಯಾಹ್ನ ಹೆಂಗಸರು ಮೂವರೂ ಬಸವಣ್ಣನ ಗುಡಿಗೆ ಹೋದಾಗ ಈರೇಶ ತನ್ನ ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ಇಳಿಸಿದ. ಅದನ್ನು ಜನರೇಟರಿನ ಟ್ಯಾಂಕಿಗೆ ಸುರಿದು ಕಾಕ್ ತೆರೆದ. ಅವನ ಲೆಕ್ಕ ಸರಳವಾಗಿತ್ತು. ನಾಳೆ ಅದು ಚಾಲೂ ಆಗುವುದಿಲ್ಲ. ತನಗೆ ಫೋನ್ ಮಾಡುತ್ತಾರೆ. ತಾನು ಬಂದು ಗ್ಯಾಸ್ ಬಂದ್ ಮಾಡಿ, ಪ್ಲಗ್ ಒರೆಸಿ, ಪೆಟ್ರೋಲಿನ ಮೇಲೆ ಚಾಲೂ ಮಾಡುವುದು. ಯಾರಿಗೂ ಏನೂ ನಷ್ಟವಿಲ್ಲ. ಸುನೀತಾಳ ಮಾತು ಅವನ ನೆನಪಿನಲ್ಲೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಲ್ಲ ಅವನ ಲೆಕ್ಕದಂತೆಯೇ ಆಯಿತು. ಮಂಗಳವಾರ ಹತ್ತು ಗಂಟೆಗೆ ಕರೆಂಟ್ ಹೋಯಿತು. ನಂದಾ ಎಳೆದಳು, ಕ್ಲಾಸಿಗೆ ರಜೆಯೆಂದು ಮನೆಯಲ್ಲಿದ್ದ ಸುನೀತಾ ಎಳೆದಳು, ಕೈಗೆ ಬೊಬ್ಬೆ ಬಂತು. ಸಿದ್ಧಾರೂಢ ಕುಂದಗೋಳದಲ್ಲಿದ್ದ. ಚಹಾದಂಗಡಿಯ ಮೇಜಿನ ಮೇಲೆ ಕೊನೆಗೂ ಫೋನು ಬಡಿದುಕೊಂಡಿತು.

"ಲಗೂನ ಬರ್ರೀ, ಇದ ಚಾಲೂ ಆಗವಲ್ದು!" ನಂದಾಳ ದನಿ ಅಳುವ ಹಾಗಿತ್ತು.

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಈರೇಶ ಬಂದ. ಗ್ಯಾಸ್ ಮುಚ್ಚಿದ, ಪ್ಲಗ್ ಬಿಚ್ಚಿದ, ಊದಿದ. ಎರಡು ಸಲ ಮೆಲ್ಲಗೆ, ಮೂರನೆಯ ಸಲ ಜೋರಾಗಿ. ಜನರೇಟರು ಗುಡುಗಿತು. "ಕಡೀಕ ನೀನ ಬೇಕಾದಿ ನೋಡಪಾ," ಎಂದಳು ಸಾವಿತ್ರೆವ್ವ. ಮಧ್ಯಾಹ್ನ ಬೆಣ್ಣೆ ಹಚ್ಚಿದ ರೊಟ್ಟಿ ಬಂತು. ಈರೇಶ ಎರಡು ತಿಂದ, ಮೂರನೆಯದೂ ಬೇಕೆಂದ.

ಆ ಸುಖ ಸಂಜೆವರೆಗೆ ಇತ್ತು. ಸಿದ್ಧಾರೂಢ ಬಂದವನೇ ಹಿತ್ತಲಿಗೆ ಹೋಗಿ ನೋಡಿ, ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ವೈನಿ, ನೀವ ಎಳದಾಗ ಪೆಟ್ರೋಲ್ ವಾಸನಿ ಬಂತೇನ್ರಿ?"

"ಬಂತು. ಮೂಗ ಕಟ್ಟೂವಷ್ಟ."

"ಹಂಗಾರ ಅಣ್ಣಾ ಬರೂಕಿಂತ ಮೊದ್ಲ ಯಾರೋ ಟ್ಯಾಂಕಿಗೆ ಹಾಕ್ಯಾರ. ಕಾಕ್ ತಾನಾಗೆ ತಗಿಯೂದಿಲ್ಲ."

ಮನೆಯಲ್ಲಿ ಇದ್ದವರು ಐದೇ ಜನ. ನಂದಾ ನಿಧಾನವಾಗಿ ಸುನೀತಾಳ ಕಡೆ ತಿರುಗಿದಳು.

"ಶುಕ್ರವಾರ ನೀ ಏನ ಅಂದಿದ್ದಿ? ದೊಡ್ಡ ಆರ್ಡರ್ ದಿನಾನ ಬಂದ್ ಬೀಳಬೇಕಂತ ಅಂದಿದ್ದೆಲ್ಲ?"

"ಅಂದಿದ್ದೆ ಅಕ್ಕಾ. ಸಿಟ್ಟಿಗೆ ಅಂದಿದ್ದೆ. ಮಾಡಿಲ್ಲ."

"ಮತ್ತ ಯಾರ ಮಾಡಿದ್ರು? ನಾ ಮಾಡಿದ್ನ್ಯಾ? ಅತ್ತಿ ಮಾಡಿದ್ರ?"

"ಬಸವಣ್ಣನ ಆಣಿ ಮಾಡತೇನಿ. ನಾ ಮುಟ್ಟಿಲ್ಲ."

ಸುನೀತಾ ಗಂಡನ ಮುಖ ನೋಡಿದಳು. ಅವನು ಇಲ್ಲ ಎನ್ನಬೇಕಾಗಿತ್ತು, ನನ್ನ ಹೆಂಡತಿ ಅಂಥವಳಲ್ಲ ಎನ್ನಬೇಕಾಗಿತ್ತು. ಅವನು ನೆಲ ನೋಡಿದ. ಒಂದೇ ಕ್ಷಣ ಅಷ್ಟೆ, ಆದರೆ ಅವಳಿಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈರೇಶ ಗೋಡೆಗೆ ಒರಗಿ ನಿಂತೇ ಇದ್ದ.

ಮುಂದಿನ ಮೂರು ವಾರ ಆ ಮನೆಯಲ್ಲಿ ಊಟ ಎರಡು ಪಂಕ್ತಿಯಾಯಿತು. ಸುನೀತಾ ಎಲ್ಲರೂ ಉಂಡಮೇಲೆ ಬಂದು, ಇದ್ದದ್ದನ್ನು ಬಡಿಸಿಕೊಂಡು, ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ನಂದಾ ಪಲ್ಯದ ಪಾತ್ರೆಯನ್ನು ಅವಳಿಗೆ ಸಿಗದ ಹಾಗೆ ಇಡುತ್ತಿರಲಿಲ್ಲ, ಸಿಗುವ ಹಾಗೂ ಇಡುತ್ತಿರಲಿಲ್ಲ. ಸಿದ್ಧಾರೂಢ ಜನರೇಟರನ್ನು ಮತ್ತೆ ಗ್ಯಾಸಿಗೆ ತಂದುಕೊಟ್ಟ. ಅದು ಮತ್ತೆ ಯಾರು ಎಳೆದರೂ ಏಳತೊಡಗಿತು, ಈರೇಶನ ಫೋನು ಮತ್ತೆ ಸುಮ್ಮನಾಯಿತು. ಒಂದು ದಿನದ ಬೆಣ್ಣೆ ರೊಟ್ಟಿಗೆ ಒಬ್ಬಳ ಹೆಸರು ಕೆಟ್ಟಿತ್ತು.

"ಹೇಳಿಬಿಡೂಣು" ಎಂದು ಅವನು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ನಂದಾ ಏನಂದಾಳು, ತಮ್ಮನ ಮುಂದೆ ತಲೆ ಹೇಗೆ ಎತ್ತಲಿ ಎಂದು ದಿನಾ ಸಂಜೆ ಮುಂದೂಡುತ್ತಿದ್ದ.

"ಕುಂದಗೋಳದಾಗ ಒಂದ ಖೋಲಿ ನೋಡೇನ್ಬೇ," ಎಂದು ಸಿದ್ಧಾರೂಢ ಅವ್ವನಿಗೆ ಹೇಳಿದ್ದು ಯುಗಾದಿಯ ಮರುದಿನ. "ಆಕಿ ಇಲ್ಲಿ ಇರೂದಿಲ್ಲ ಅಂತಾಳ. ನನ್ನ ಜೋಡಿನೂ ನೆಟ್ಟಗ ಮಾತಾಡವಲ್ಲಳು."

"ನನ್ನ ಕಣ್ಣ ಮುಂದ ಮನಿ ಒಡೀತೀಯೇನ ಲೇ?"

"ನಾ ಒಡದಿಲ್ಲ ಅವ್ವಾ."

ರವಿವಾರ ಬೆಳಿಗ್ಗೆ ಮಾಬುಸಾಬನ ಟೆಂಪೋ ಬಾಗಿಲಿಗೆ ಬಂತು. ಹೊಲಿಗೆ ಮಷಿನ್ನು, ಎರಡು ಟ್ರಂಕು, ಹಾಸಿಗೆ ಸುರುಳಿ ಏರಿದವು. ಸುನೀತಾ ಅತ್ತೆಯ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಸಾವಿತ್ರೆವ್ವ ಅವಳ ತಲೆ ಮುಟ್ಟಿ, "ತಪ್ಪ ಆತು ಅಂತ ಒಂದ ಮಾತ ಅನ್ನವಾ, ಎಲ್ಲಾ ಮರ್ತಬಿಡೂಣು," ಎಂದಳು.

"ಮಾಡದ ತಪ್ಪಿಗೆ ಹೆಂಗ ಅನ್ಲಿರಿ ಅತ್ತಿ?"

ಈರೇಶನಿಗೆ ಇನ್ನು ತಡೆಯಲಾಗಲಿಲ್ಲ.

"ಪೆಟ್ರೋಲ್ ನಾನ ಹಾಕಿದ್ದೆ," ಎಂದ.

ಹಾಸಿಗೆ ಕಟ್ಟುತ್ತಿದ್ದ ಮಾಬುಸಾಬ ಹಗ್ಗ ಬಿಟ್ಟು ಟೆಂಪೋದ ಆಚೆ ಬದಿಗೆ ಹೋಗಿ ನಿಂತ. ಸಿದ್ಧಾರೂಢ ಅಣ್ಣನನ್ನೇ ನೋಡಿದ.

"ಯಾಕಣ್ಣಾ?"

"ಯಾರೂ ನನ್ನ ಕರೀವಲ್ರಾಗಿದ್ರು. ಒಂದ ಫೋನ್ ಇಲ್ಲ, ಒಂದ ಮಾತ ಇಲ್ಲ. ಎಲ್ಲಾರ ಬಾಯಾಗೂ ನೀನ. ಹೊಟ್ಟಿ ಉರೀತು, ಹಾಕಿದೆ." ಅವನು ಸುನೀತಾಳ ಕಡೆ ತಿರುಗಿದ. "ನಿನ್ನ ಹೆಸರ ಬಂದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಂಗೀ, ನಂದ ತಪ್ಪಾತು."

ಸಾವಿತ್ರೆವ್ವ ದೊಡ್ಡ ಸೊಸೆಯ ಕಡೆ ತಿರುಗಿದಳು. "ಕೇಳಿದ್ಯಾ ನಿನ್ನ ಗಂಡನ ಮಾತ?"

ನಂದಾ ಬೆಚ್ಚಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನನಗ ಗೊತ್ತಿತ್ರಿ."

"ಏನ?"

"ಮರುದಿನಾನ ಗೊತ್ತಾತು. ಸ್ವಾಮವಾರ ಹಾಕ್ಕೊಂಡಿದ್ದ ಅವರ ಅಂಗಿ ಒಗ್ಯಾಕ ತಗೊಂಡೆ. ತೋಳೆಲ್ಲಾ ಪೆಟ್ರೋಲ್ ವಾಸನಿ. ಮಂಗಳವಾರ ಹಾಕ್ಕೊಂಡಿದ್ದು ಬಿಳಿ ಅಂಗಿ."

ಈರೇಶ ಬಾಯಿ ತೆರೆದು ನಿಂತ. "ಗೊತ್ತಿದ್ದೂ ನನ್ನ ಸಲುವಾಗಿ ಸುಮ್ನಿದ್ಯಾ?"

"ನಿಮ್ಮ ಸಲುವಾಗಿ ಅಲ್ಲ."

ಸುನೀತಾ ಎರಡು ಹೆಜ್ಜೆ ಮುಂದೆ ಬಂದಳು. "ಮತ್ತ ಯಾಕಕ್ಕಾ? ಮೂರ ವಾರಾ ನಾ ಮೂಲ್ಯಾಗ ಕುಂತ ಉಂಡೆ. ನೀವ ನೋಡಕೋತ ಇದ್ರಿ."

ನಂದಾ ಯಾರ ಮುಖವನ್ನೂ ನೋಡದೆ ಹೇಳಿದಳು.

"ದಿನಾ ಮುಂಜಾನೆ ನಿಮ್ಮಿಬ್ಬರನ್ನ ಆ ಗಾಡಿ ಮ್ಯಾಲ ನೋಡಾಕ ಆಗತಿರಲಿಲ್ಲ ನನಗ. ಅಂವಾ ಸೀಟ್ ಒರಸಿ ನಿನ್ನ ಕೂಡಸ್ತಿದ್ದ. ನನಗ ಯಾರೂ ಹಂಗ ಮಾಡಿಲ್ಲ. ನಿನಗೂ ಒಂದೀಟ ನೋವ ಆಗ್ಲಿ ಅನಸ್ತು. ಮೊದಲ್ನೇ ದಿನಾ ಹೇಳಲಿಲ್ಲ, ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ."

"ಒಂದ ಮಾತ ಅಂದಿದ್ರ ನಾ ಬಸ್ಸಿಗೆ ಹೋಗತಿದ್ನೆಲ್ಲಕ್ಕಾ," ಎಂದಳು ಸುನೀತಾ. ಅಷ್ಟು ದಿನ ಅಳದಿದ್ದವಳು ಈಗ ಅತ್ತಳು.

"ಎಲ್ಲಾ ಗೊತ್ತಾತಲ್ಲ, ಇಳಸ್ರಿ ಸಾಮಾನಾ," ಎಂದಳು ಸಾವಿತ್ರೆವ್ವ.

ಸಿದ್ಧಾರೂಢ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ಒರೆಸಿಕೊಂಡು ತಲೆಯಾಡಿಸಿದಳು.

"ಈಗ ಬ್ಯಾಡ್ರಿ ಅತ್ತಿ. ಸಿಟ್ಟ ಇಲ್ಲ. ಆದ್ರ ಈ ಮನ್ಯಾಗ ಇನ್ನ ಉಣ್ಣಾಕ ಕುಂತ್ರ ಯಾರ ಮನಸ್ಸಿನ್ಯಾಗ ಏನೈತ್ಯೋ ಅಂತ ನೋಡಕೋತ ಕುಂಡ್ರಬೇಕು. ಸ್ವಲ್ಪ ದಿನಾ ಬಿಡ್ರಿ ನನ್ನ."

ಸಿದ್ಧಾರೂಢ ಅಣ್ಣನ ಹತ್ತಿರ ಬಂದು, "ಮಷಿನ್ ಕೆಟ್ಟರ ಫೋನ್ ಹಚ್ಚಣ್ಣಾ," ಎಂದ. ಈರೇಶ ತಲೆ ಅಲ್ಲಾಡಿಸಿದ. ಟೆಂಪೋ ಧೂಳೆಬ್ಬಿಸಿ ಕುಂದಗೋಳದ ದಾರಿ ಹಿಡಿಯಿತು.

ಮಧ್ಯಾಹ್ನ ಸಾವಿತ್ರೆವ್ವನೇ ಅಡಿಗೆ ಬಡಿಸಿದಳು. ಒಂದೇ ತಾಟು ಇಟ್ಟು, ಅದರಲ್ಲಿ ಇಬ್ಬರಿಗಾಗುವಷ್ಟು ಅನ್ನ, ಸಾರು ಹಾಕಿದಳು.

"ಒಂದ ತಾಟ ಯಾಕ್ರಿ ಅತ್ತಿ?" ಎಂದಳು ನಂದಾ.

"ಲಗ್ನದ ದಿನಾ ಭೂಮದ ಊಟಕ್ಕ ನಿಮ್ಮಿಬ್ಬರನ್ನೂ ಒಂದ ತಾಟಿಗೆ ಕೂಡಸಿದ್ದೆ. ಹದಿನಾರ ವರ್ಷ ಆತು, ಈ ಎರಡೂ ಯಾವಾಗ ಜೋಡಿ ಆಗತಾವೋ ಅಂತ ಕಾದ ಕುಂತಿದ್ದೆ." ಸಾವಿತ್ರೆವ್ವ ಸಾರಿನ ಪಾತ್ರೆ ಕೆಳಗಿಟ್ಟಳು. "ಈಗ ಹೊಟ್ಟಿಕಿಚ್ಚಿನಾಗ ಆಗೇರಿ. ಉಣ್ರಿ."

ಇಬ್ಬರೂ ತಾಟಿನ ಆಚೆ ಈಚೆ ಕೂತರು. ಮೊದಲು ಯಾರು ಕೈ ಹಾಕಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ, ಸಾರು ಆರಿತು.